ಸೆಣಬಿನ ಹೊಲದ ಇಪ್ಪತ್ತು ಪೆನ್ಸ್

ಮಾರ್ಲಿಂಗ್‌ಹ್ಯಾಮ್, ನಾರ್ಫಕ್
ಭಾನುವಾರ, 15 ಜನವರಿ 2023

ನನ್ನ ಥೆಲ್ಮಾ,

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಬೆಕ್ಕು ಚೆನ್ನಾಗಿದೆ, ನಾನು ಕೊಡುವುದನ್ನೆಲ್ಲ ತಿಂದು ನನ್ನನ್ನು ನೋಡಿ ಮುಖ ತಿರುಗಿಸುತ್ತದೆ. ನಲ್ಲಿ ಹೆಪ್ಪುಗಟ್ಟಿಲ್ಲ. ಹಿತ್ತಿಲ ಬಾಗಿಲಿಗೆ ಎರಡು ಸಲ ಬೀಗ ಹಾಕಿ ಮೂರನೆಯ ಸಲ ಎಳೆದು ನೋಡಿದ್ದೇನೆ. ಈಗ ಆಪರೇಷನ್ ಆದ ಆ ಹೊಸ ಸೊಂಟವನ್ನು ಜೋಪಾನ ಮಾಡಿಕೊಂಡು ನಿನ್ನ ತಂಗಿಯ ಮನೆಯಲ್ಲಿ ಎಲ್ಲಾದರೂ ಕೂತುಕೋ. ಚಹಾದ ಬಟ್ಟಲು ಕೈಯಲ್ಲಿದ್ದರೆ ಕೆಳಗಿಡು.

ನಿನ್ನೆ ಫೋನಿನಲ್ಲಿ ನೀನು, "ಅಪ್ಪನ ಹೊಲದಲ್ಲಿ ಏನಾದ್ರೂ ಸಿಕ್ತೇನೆ, ಇಲ್ಲ ಬರೀ ನೆಗಡಿ ಸಿಕ್ತಾ?" ಎಂದು ಕೇಳಿದೆ. ನಾನು, "ಬಿಯರ್ ಬಾಟ್ಲಿ ಮುಚ್ಚಳ ಕಣೆ, ಇನ್ನೇನು ಸಿಗುತ್ತೆ" ಎಂದೆ. ಅದು ಸುಳ್ಳು. ಐದನೇ ವಯಸ್ಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿನ್ನ ಪರದೆಗಳ ಬಣ್ಣದ ವಿಷಯದಲ್ಲಿ, ನಿನ್ನ ಎರಡನೇ ಗಂಡನ ವಿಷಯದಲ್ಲಿ ಸುಳ್ಳು ಹೇಳಿದ್ದೇನೆ, ಒಪ್ಪುತ್ತೇನೆ. ಇದು ಆ ಜಾತಿಯದಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ.

ಕಳೆದ ಭಾನುವಾರ, ಎಂಟನೇ ತಾರೀಕು, ನಾನು ನಿಮ್ಮ ಸೆಣಬಿನ ಹೊಲಕ್ಕೆ ಹೋದೆ. ನಿನ್ನ ಅಪ್ಪ ಎಡ್ಗರ್ ಬದುಕಿದ್ದಷ್ಟು ಕಾಲ ಆ ಹೊಲಕ್ಕೆ ಯಾರನ್ನೂ ಲೋಹ ಹುಡುಕುವ ಯಂತ್ರ ಹಿಡಿದು ಕಾಲಿಡಲು ಬಿಡಲಿಲ್ಲ. ನನ್ನ ಗಂಡ ಕ್ಲೈವ್ ಮೂರು ಕ್ರಿಸ್ಮಸ್ ಸತತವಾಗಿ ವಿಸ್ಕಿ ಬಾಟಲಿ ಹಿಡಿದುಕೊಂಡು ಕೇಳಲು ಹೋಗಿದ್ದ. ಎಡ್ಗರ್ ಬಾಟಲಿ ತೆಗೆದುಕೊಂಡು, "ಮಲಗಿರೋರ್ನ ಮಲಗೋಕೆ ಬಿಡ್ರಯ್ಯ" ಎಂದು ಬಾಗಿಲು ಹಾಕುತ್ತಿದ್ದರು. ಮೊನ್ನೆ ನವೆಂಬರಿನಲ್ಲಿ ನೀನಾಗಿಯೇ, "ಅಪ್ಪ ಒಪ್ತಿರ್ಲಿಲ್ಲ, ಆದ್ರೆ ನೀನಲ್ವಾ, ಹೋಗು" ಎಂದೆ. ಆ ಮಾತಿಗೆ ನಾನು ಎಷ್ಟು ಹಿಗ್ಗಿದ್ದೆ ಎನ್ನುವುದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹತ್ತು ಗಂಟೆಯವರೆಗೂ ನೆಲ ಮಂಜುಗಟ್ಟಿ ಕಲ್ಲಾಗಿತ್ತು. ಸ್ವಲ್ಪ ಬಿಸಿಲು ಬಂದ ಮೇಲೆ ಹೊರಟೆ. ಕ್ಲೈವನ ಯಂತ್ರ, ಕ್ಲೈವನ ಹೆಡ್‌ಫೋನು, ಕ್ಲೈವನ ಹಳೆಯ ಮೊಣಕಾಲು ಮೆತ್ತೆ. ಅವನು ಹೋಗಿ ಮೂರು ಚಳಿಗಾಲವಾಯಿತು, ಇನ್ನೂ ಅವನ ಸಾಮಾನು ಹೊತ್ತೇ ತಿರುಗುತ್ತಿದ್ದೇನೆ. ನಿನ್ನ ಗೇಣಿದಾರ ಈ ಸಲ ಎಂದೂ ಇಲ್ಲದಷ್ಟು ಆಳವಾಗಿ ಉತ್ತಿದ್ದಾನೆ, ನೀನು ಬಂದು ಬೈಯಬೇಕು. ತಳದ ನೀಲಿ ಜೇಡಿ ಎಲ್ಲ ಮೇಲೆ ಬಂದು ಬಿದ್ದಿದೆ. ಆ ಜೇಡಿಯ ಹಟ ನಿನಗೆ ಗೊತ್ತಲ್ಲ. ಕಾಲುವೆಯ ಆಚೆ ಗೂಚನ ಉದ್ದ ಹೊಲದ್ದು ಕೆಂಪು ಮರಳು ಮಣ್ಣು, ಗೇಟಿನ ಹತ್ತಿರ ಕಾಲು ಝಾಡಿಸಿದರೆ ಉದುರಿಹೋಗುತ್ತದೆ. ನಿಮ್ಮ ಹೊಲಕ್ಕೆ ಹೋಗಿ ಬಂದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಚಾಕು ಹಿಡಿದು ಅರ್ಧ ಗಂಟೆ ಕೂರಬೇಕು.

ಕಾಲುವೆಯಿಂದ ನಲವತ್ತು ಹೆಜ್ಜೆ ಈಚೆ, ಆ ಮುರಿದ ಓಕ್ ಮರದ ನೇರಕ್ಕೆ, ಯಂತ್ರ ಕೂಗಿತು. ಕಬ್ಬಿಣದ ಗೊರಗೊರ ಅಲ್ಲ, ತುಂಬಿದ, ದುಂಡಗಿನ ಸದ್ದು. ಎರಡೂ ಕಡೆಯಿಂದ ಬೀಸಿ ನೋಡಿದೆ, ಹಾಗೇ ಇತ್ತು. ಮಂಡಿಯೂರಿ ಅಗೆದೆ. ಒಂದು ಗೇಣು ಆಳದಲ್ಲಿ ಏಳು ಮೂಲೆಯ ಇಪ್ಪತ್ತು ಪೆನ್ಸ್ ನಾಣ್ಯ. ನಾನು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಎಡ್ಗರ್ ಮೂವತ್ತು ವರ್ಷ ಕಾದ ಹೊಲದಲ್ಲಿ ನನಗೆ ಸಿಕ್ಕಿದ್ದು ಅರ್ಧ ಪಾರ್ಕಿಂಗ್ ಚೀಟಿಗೂ ಸಾಲದ ಚಿಲ್ಲರೆ ಎಂದುಕೊಂಡೆ. ಆಮೇಲೆ ಹೆಬ್ಬೆರಳಿನಲ್ಲಿ ಮಣ್ಣು ಒರೆಸಿದೆ. ಇಸವಿ ಕಂಡಿತು. 1999.

ಥೆಲ್ಮಾ, ಕ್ಲೈವನ ಆ ಅಭ್ಯಾಸ ನೀನೂ ನೋಡಿದ್ದೀಯ. ಪ್ರತಿ ಜನವರಿಯಲ್ಲೂ ಅಂಚೆ ಕಚೇರಿಗೆ ಹೋಗಿ ಹೊಸ ಇಪ್ಪತ್ತು ಪೆನ್ಸ್ ನಾಣ್ಯಗಳನ್ನು ಹುಡುಕಿ ತರುತ್ತಿದ್ದ, ಆಯಾ ವರ್ಷದ್ದೇ ಆಗಬೇಕು. ಒಳ್ಳೆಯದೇನಾದರೂ ಸಿಕ್ಕ ಗುಂಡಿಗೆ ಅದರಲ್ಲೊಂದನ್ನು ಹಾಕಿಯೇ ಮಣ್ಣು ಮುಚ್ಚುತ್ತಿದ್ದ. "ಮಣ್ಣಿಂದ ತಗೊಂಡ್ಮೇಲೆ ಮಣ್ಣಿಗೇನಾದ್ರೂ ಕೊಡ್ಬೇಕು ಕಣೆ. ಮುಂದೆ ಅಗೆಯೋನಿಗೂ ಗೊತ್ತಾಗ್ಲಿ, ಯಾರೋ ಬಂದು ಹೋಗಿದ್ರು ಅಂತ" ಎನ್ನುತ್ತಿದ್ದ. ನಿಧಿ ಹುಡುಕುವವರ ಕ್ಲಬ್ಬಿನವರೆಲ್ಲ ಅವನನ್ನು ಹುಂಡಿ ಕ್ಲೈವ್ ಎಂದು ರೇಗಿಸುತ್ತಿದ್ದರು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ನಿಮ್ಮ ಹೊಲದಲ್ಲಿ ಕಾಲಿಡಲು ಅವನಿಗೆ ಅಪ್ಪಣೆಯೇ ಇರಲಿಲ್ಲ. 1999ರಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು ದೊಡ್ಡ ನಿಧಿ, ರೋಮನ್ ಬೆಳ್ಳಿ ನಾಣ್ಯ ತುಂಬಿದ ಆ ಮಡಕೆ, ಅದೂ ಕಾಲುವೆಯ ಆಚೆ ಗೂಚನ ಹೊಲದಲ್ಲಿ. ಆ ಹೊಲದ ಹೆಸರೇ ಇಟ್ಟುಕೊಂಡು ಹಾದಿಯ ತಿರುವಿನಲ್ಲಿ ಫಲಕ ನಿಂತಿದೆಯಲ್ಲ, ಅದೇ. ಆದರೂ ಮನುಷ್ಯರ ಬುದ್ಧಿ ನೋಡು, ಯಾರೋ ನಾಯಿ ಕರೆದುಕೊಂಡು ಬಂದವರ ಜೇಬಿನಿಂದ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಗುಂಡಿಗೆ ಮೊಣಕೈವರೆಗೂ ಕೈ ಹಾಕಿದೆ.

ಮಡಕೆಯ ಚೂರುಗಳು ಬಂದವು. ಬೂದು ಬಣ್ಣದವು, ಐದು. ದೊಡ್ಡದೊಂದು ಕಂಠದ ಭಾಗ, ಅದರ ಮೇಲೆ ಅಲೆ ಅಲೆಯಾಗಿ ಗೀರಿದ ಗೆರೆ. ಅದಕ್ಕೆ ಅಂಟಿದ ಜೇಡಿಯ ಉಂಡೆಯೊಳಗೆ ಎರಡು ಬೆಳ್ಳಿ ನಾಣ್ಯ, ಒಂದೊಂದೂ ನನ್ನ ಉಗುರಿನಷ್ಟು, ಎರಡರ ಮೇಲೂ ಅದೇ ಹದ್ದಿನ ಮೂಗಿನ ಚಕ್ರವರ್ತಿ. ಆ ಮೂಗನ್ನು ನಾನು ಇಪ್ಪತ್ತನಾಲ್ಕು ವರ್ಷದಿಂದ ನಮ್ಮ ಒಲೆಯ ಮೇಲಿನ ಚೌಕಟ್ಟಿನ ಫೋಟೋದಲ್ಲಿ ಧೂಳು ಒರೆಸಿಕೊಂಡು ಬಂದಿದ್ದೇನೆ. ಅಲ್ಲೇ ಕೆಸರಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಏಳುವಾಗ ಮೆತ್ತೆ ನೆಲಕ್ಕೆ ಅಂಟಿಕೊಂಡಿತ್ತು.

ಮೂರು ದಿನ ಆ ಚೂರುಗಳು ನನ್ನ ಅಡುಗೆಮನೆಯ ಮೇಜಿನ ಮೇಲಿದ್ದವು. ನಾನು ನಿಂತುಕೊಂಡೇ ಊಟ ಮಾಡಿದೆ. ಬುಧವಾರ ದೊಡ್ಡ ಚೂರನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ಬಸ್ಸು ಹತ್ತಿ ಮ್ಯೂಸಿಯಮ್ಮಿಗೆ ಹೋದೆ. ನಮ್ಮ ಮಡಕೆ ಗಾಜಿನೊಳಗೆ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತ್ತು. ಅದರ ಕಂಠದಲ್ಲಿ ಒಂದು ಕಡೆ ಚೂರು ಇಲ್ಲ, ಅಲ್ಲಿಗೆ ಬಿಳಿ ಗಾರೆ ತುಂಬಿದ್ದಾರೆ. ನೀನೂ ನೋಡಿ, "ಹಲ್ಲು ಕಟ್ಟಿಸ್ಕೊಂಡಂಗಿದೆ" ಎಂದಿದ್ದೆ. ನಾನು ಬಟ್ಟೆ ಬಿಚ್ಚಿ ಚೂರನ್ನು ಗಾಜಿಗೆ ಹಿಡಿದೆ. ಗಾರೆಯ ಆಕಾರ ಹೇಗಿದೆಯೋ ಚೂರು ಹಾಗೇ ಇತ್ತು. ಅಲೆಯ ಗೆರೆ ಈ ಕಡೆಯಿಂದ ಹೋಗಿ ಆ ಕಡೆಗೆ ಸೇರಿತು. ಕಾವಲಿನವನು ಬಂದು, "ಗಾಜು ಮುಟ್ಬೇಡಿ ತಾಯಿ" ಎಂದ. ನನ್ನ ಮುಖ ನೋಡಿ ಒಂದು ಕುರ್ಚಿ ತಂದುಕೊಟ್ಟ.

ಗಾಜಿನ ಪಕ್ಕದ ಚೀಟಿಯಲ್ಲಿ ಹೀಗಿದೆ, ನಿನಗೂ ಬಾಯಿಪಾಠ: ಗೂಚ್ ಅವರ ಉದ್ದ ಹೊಲದಲ್ಲಿ ಶನಿವಾರ 13 ಫೆಬ್ರವರಿ 1999ರಂದು ಕ್ಲೈವ್ ಅವರಿಗೆ ದೊರೆತದ್ದು. ಆ ಸಾಲನ್ನು ಓದಿ ನಾನು ಎಷ್ಟು ಸಲ ಬೀಗಿದ್ದೇನೆ. ನಿಧಿಯ ವಿಚಾರಣೆಯ ದಿನ ಅವನು ಬೈಬಲ್ ಮೇಲೆ ಕೈಯಿಟ್ಟು ಆ ಹೊಲದ ಹೆಸರು ಹೇಳಿದಾಗ ನಾನು ಹೊಸ ಕೋಟು ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನೆವಿಲ್, ತಾನೂ ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಲು. ಥೆಲ್ಮಾ, ನನಗೆ ಗೊತ್ತಿರಲಿಲ್ಲ.

ಶುಕ್ರವಾರ ನೆವಿಲನ ಮನೆಗೆ ಹೋದೆ. ಕ್ಲೈವನ ಜೊತೆ ಮೂವತ್ತು ಚಳಿಗಾಲ ಹೊಲ ಸುತ್ತಿದವನು ಈಗ ಕುರ್ಚಿ ಬಿಟ್ಟು ಏಳುವುದಿಲ್ಲ, ಟಿವಿಯಲ್ಲಿ ಕುದುರೆ ನೋಡುತ್ತಾನೆ. ನಾನು ಇಪ್ಪತ್ತು ಪೆನ್ಸನ್ನು ಅವನ ಮೊಣಕಾಲಿನ ಮೇಲಿಟ್ಟೆ. ಅವನು ಇಸವಿ ನೋಡಲಿಲ್ಲ. ಟಿವಿ ಆರಿಸಿದ. "ಬೇಡ ಕಣೋ ಅಂತ ಬಡ್ಕೊಂಡೆ ಬೆರಿಲ್, ಈ ಸಲ ಕಾಸು ಹಾಕ್ಬೇಡ ಅಂತ. ಆ ಪುಣ್ಯಾತ್ಮ ಕೇಳ್ಲಿಲ್ಲ" ಎಂದ.

ಆಮೇಲೆ ಒಂದೊಂದಾಗಿ ಹೇಳಿದ. ನಿನ್ನ ಅಪ್ಪ ಉಳುವಾಗ ಸಿಕ್ಕ ಮಡಕೆ ಚೂರುಗಳನ್ನು ಬಿಸ್ಕತ್ತು ಡಬ್ಬಿಯಲ್ಲಿ ಹಾಕಿಕೊಂಡು ಪಬ್ಬಿಗೆ ತರುತ್ತಿದ್ದರಲ್ಲ, ನನ್ನ ಹೊಲದಲ್ಲಿ ರೋಮನ್ನರು ಮನೆ ಕಟ್ಟಿಕೊಂಡಿದ್ದರು ಎಂದು ಕಂಡಕಂಡವರಿಗೆ ತೋರಿಸುತ್ತಿದ್ದರಲ್ಲ. ಊರೆಲ್ಲ ಅವರನ್ನು ಸೀಸರ್ ಎಂದು ಕರೆಯುತ್ತಿತ್ತು. ಕ್ಲೈವ್ ಎಲ್ಲರಿಗಿಂತ ಜೋರು. "ಎಡ್ಗರ್, ಅದು ನಿಮ್ಮಜ್ಜಿ ಮಂಚದ ಕೆಳಗಿಡ್ತಿದ್ದ ಪಾತ್ರೆ ಚೂರು ಕಣಯ್ಯ" ಎಂದು ಅವನು ಹೇಳಿದಾಗ ಪಬ್ಬು ಬಿದ್ದು ಬಿದ್ದು ನಕ್ಕಿತ್ತು. ಈಗ ನೆವಿಲ್ ಹೇಳುತ್ತಾನೆ, "ಮುದುಕ ಹೇಳಿದ್ದು ನಿಜ ಅಂತ ಈ ಊರಲ್ಲಿ ನಂಬಿದ್ದು ಒಬ್ನೇ, ನಿನ್ ಗಂಡ. ನಕ್ಕೊಂಡೇ ಡಬ್ಬೀಲಿ ಕೈಯಾಡಿಸ್ತಿದ್ದ, ಯಾವ ಚೂರು ಯಾವ ಮೂಲೇದು ಅಂತ ಬಾಯಿ ಬಿಡಿಸ್ತಿದ್ದ."

ನಂಬಿಕೊಂಡೇ ನಕ್ಕನಂತೆ. ಇದು ನನಗೆ ಇನ್ನೂ ಅರಗುತ್ತಿಲ್ಲ. ಕದ್ದದ್ದು ಒಂದು ಕಡೆ ಇರಲಿ. ಮಡಕೆ ತಂದಾದ ಮೇಲೂ ಅವನು ಅದೇ ಪಬ್ಬಿನಲ್ಲಿ ಅದೇ ತಮಾಷೆ ಮಾಡಿದ. ನಾನು ಪಕ್ಕದಲ್ಲಿ ಕೂತು ನಕ್ಕೆ.

ಯಾವ ದಿನ ಹೋದಿರಿ ಎಂದು ಕೇಳಿದೆ. ನೆವಿಲ್ ನನ್ನ ಕಡೆ ನೋಡದೆ, "ಶನಿವಾರ ಅಲ್ಲ, ಗುರುವಾರ. ಎಡ್ಗರ್ ಎದೆ ಫೋಟೋ ತೆಗೆಸೋಕೆ ನಾರಿಚ್‌ಗೆ ಹೋಗಿದ್ನಲ್ಲ ಅವತ್ತು" ಎಂದ. ನಿನಗೆ ನೆನಪಿದೆಯೇ, ನಿನಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ, ನಿನ್ನ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಕರೆದುಕೊಂಡು ಹೋಗು ಎಂದು ಹೇಳಿದವನು ಕ್ಲೈವ್. ಹಿಂದಿನ ಸಂಜೆಯೇ ಪೆಟ್ರೋಲು ತುಂಬಿಸಿ, ಮೊಣಕಾಲಿಗೆ ಹೊದಿಯಲು ಕಂಬಳಿಯನ್ನೂ ಹಿಂದಿನ ಸೀಟಿನಲ್ಲಿ ಮಡಿಸಿಟ್ಟಿದ್ದ. "ಬರೋವಾಗ ಮೀನು, ಆಲೂಗಡ್ಡೆ ಕೊಡ್ಸು ಅವ್ನಿಗೆ. ಅವಸರ ಏನಿಲ್ಲ" ಎಂದಿದ್ದ. ನಾವು ದಾರಿಯಲ್ಲಿ ನಿಂತು ತಿಂದೆವು. ಎಡ್ಗರ್ ವಿನೆಗರ್ ಜಾಸ್ತಿ ಹಾಕಿಸಿಕೊಂಡು, ಸೆಣಬಿನ ಹೊಲದಲ್ಲಿ ಯಾವ ಮೂಲೆಯಲ್ಲಿ ಅಡುಗೆಮನೆ, ಯಾವ ಮೂಲೆಯಲ್ಲಿ ದನದ ಕೊಟ್ಟಿಗೆ ಇದ್ದಿರಬೇಕು ಎಂದು ಕಾಗದದ ಮೇಲೆ ಎಣ್ಣೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಸಾಯುವ ತನಕ ಆ ಪ್ರಯಾಣಕ್ಕೆ ನನಗೆ ಉಪಕಾರ ಹೇಳುತ್ತಿದ್ದರು. ನಾವು ತಿನ್ನುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಕ್ಲೈವ್, ನೆವಿಲ್ ಗುಂಡಿ ತೋಡುತ್ತಿದ್ದರು. ನಾನು ಕಾವಲು ಕಾಯ್ದ ಹಾಗಾಯಿತಲ್ಲವೇ? ದೇವರಾಣೆ, ನನಗೆ ಗೊತ್ತಿರಲಿಲ್ಲ.

ಆಮೇಲಿನದು ನಿನಗೇ ಗೊತ್ತು. ತಜ್ಞರು ಬಂದು ಎರಡು ವಾರ ಗೂಚನ ಹೊಲ ಅಗೆದರು. ಒಂದು ಚೂರು ಹೆಂಚೂ ಸಿಗಲಿಲ್ಲ. ಇಲ್ಲಿ ಯಾರೂ ವಾಸವಿರಲಿಲ್ಲ, ಯಾವನೋ ದಾರಿಹೋಕ ಅವಸರದಲ್ಲಿ ಹೂತಿಟ್ಟು ಹೋಗಿದ್ದಾನೆ ಎಂದು ಬರೆದರು. ನಿನ್ನ ಅಪ್ಪ ಡಬ್ಬಿ ಹಿಡಿದು ಅವರ ಹತ್ತಿರ ಹೋಗಿ, ಕಾಲುವೆಯ ಈಚೆ ನೋಡಿ ಸ್ವಾಮಿ ಎಂದು ಕೇಳಿಕೊಂಡರು. ತಮ್ಮ ಹೊಲಕ್ಕೆ ಯಾರನ್ನೂ ಬಿಡದವರು ಅವತ್ತು ತಾವೇ ಕರೆದರು. ಅವರು ನಕ್ಕು, ಚಹಾ ಕೊಟ್ಟು ಕಳಿಸಿದರು. ಆ ವಾರವೇ ನೀನು ನನ್ನ ಅಡುಗೆಮನೆಯಲ್ಲಿ ಅತ್ತೆ. "ಇನ್ನು ಆ ಡಬ್ಬಿ ಹೊರಗೆ ತೆಗೆದ್ರೆ ನಾನು ಮನೆ ಬಿಟ್ಟು ಹೋಗ್ತೀನಿ ಅಂದ್ಬಿಟ್ಟೆ ಕಣೆ ಅಪ್ಪಂಗೆ" ಎಂದೆ. ನಾನು ನಿನ್ನ ಬೆನ್ನು ಸವರಿ, ಸರಿಯಾಗಿಯೇ ಹೇಳಿದೆ ಬಿಡು ಎಂದೆ. ಮರುದಿನ ಅವರು ಡಬ್ಬಿಯನ್ನೆಲ್ಲ ಹೊಲದ ಗೇಟಿನ ಗುಂಡಿಗೆ ಸುರಿದು, ಮೇಲೆ ಟ್ರಾಕ್ಟರ್ ಓಡಿಸಿ ಮಟ್ಟ ಮಾಡಿದರು. ಮತ್ತೆ ಪಬ್ಬಿಗೆ ಬರಲಿಲ್ಲ.

ಅವರು ಹೇಳಿದ್ದು ನಿಜವಾಗಿತ್ತು, ಥೆಲ್ಮಾ. ಒಂದೊಂದು ಮಾತೂ ನಿಜ. ಇದನ್ನು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ.

ನೆವಿಲ್ ನನ್ನನ್ನು ಬಾಗಿಲವರೆಗೂ ಬಂದು ತಡೆದ. ಅವನು ಎದ್ದದ್ದೇ ಆಶ್ಚರ್ಯ. "ಸತ್ತೋನ ಮೇಲೆ ಯಾಕೆ ಮಣ್ಣೆರಚ್ತೀಯ? ಇಪ್ಪತ್ತು ಪೆನ್ಸ್ ಖರ್ಚು ಮಾಡ್ಬಿಡು. ಚೂರು ನೇಗಿಲಿಗೆ ಸಿಕ್ಕೊಂಡು ಆಚೆಯಿಂದ ಈಚೆಗೆ ಬಂತು ಅನ್ನು" ಎಂದ. "ಕಾಲುವೆ ಹಾರೋಕೆ ನೇಗಿಲಿಗೇನು ರೆಕ್ಕೆ ಇದ್ಯಾ ನೆವಿಲ್?" ಎಂದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತ. ನಾನು ಸಮಾಧಾನ ಮಾಡಲಿಲ್ಲ.

ಸಿಕ್ಕಿದ್ದನ್ನು ತಿಳಿಸಲು ಕಾನೂನು ನನಗೆ ಹದಿನಾಲ್ಕು ದಿನ ಕೊಡುತ್ತದೆ. ಆರನೆಯ ದಿನ, ಅಂದರೆ ನಿನ್ನೆ ಬೆಳಿಗ್ಗೆ, ನಿನ್ನ ಫೋನು ಬರುವ ಮೊದಲೇ, ನಿಧಿಗಳ ದಾಖಲೆ ನೋಡಿಕೊಳ್ಳುವ ಹುಡುಗಿ ಇಮೋಜನ್‌ಗೆ ಫೋನು ಮಾಡಿದೆ. ಹೊಲದ ಹೆಸರು, ಕಾಲುವೆಯಿಂದ ಎಷ್ಟು ಹೆಜ್ಜೆ, ಚೂರು ಎಲ್ಲಿಗೆ ಕೂಡುತ್ತದೆ, ನಾಣ್ಯದ ಇಸವಿ, ಎಲ್ಲ ಹೇಳಿದೆ. ಅವಳು, "ಇದನ್ನ ಬರ್ಕೊಂಡ್ರೆ ನಿಮ್ಮ ಯಜಮಾನ್ರ ಹೆಸ್ರು ಹೋಗುತ್ತೆ, ಗೊತ್ತಲ್ವಾ ಆಂಟಿ?" ಎಂದಳು. ಬರೆದುಕೋ ಎಂದೆ. ಹೊಲದ ಒಡೆಯರೆಂದು ಗೂಚನ ಮನೆಯವರಿಗೆ ಸಂದ ಪಾಲಿನ ಮಾತು ನಾನು ಎತ್ತುವುದಿಲ್ಲ, ಅದನ್ನು ಸಂಬಂಧಪಟ್ಟವರು ನೋಡಿಕೊಳ್ಳಲಿ. ನನಗೆ ಬೇಕಾಗಿರುವುದು ಆ ಚೀಟಿಯಲ್ಲಿ ಹೊಲದ ಹೆಸರು ಬದಲಾಗುವುದು, ಫಲಕದಲ್ಲಿ ನಿನ್ನ ಅಪ್ಪನ ಹೆಸರು ಬರುವುದು. ಒಲೆಯ ಮೇಲಿನ ಫೋಟೋವನ್ನು ತೆಗೆದಿದ್ದೇನೆ. ಆ ಜಾಗದಲ್ಲಿ ಗೋಡೆ ಬೆಳ್ಳಗಿದೆ.

ಗುರುವಾರ ಹತ್ತು ಗಂಟೆಗೆ ಇಮೋಜನ್ ಇಬ್ಬರನ್ನು ಕರೆದುಕೊಂಡು ಹೊಲಕ್ಕೆ ಬರುತ್ತಾಳೆ. ನಿನ್ನ ಸೊಂಟಕ್ಕೆ ರೈಲು ಆಗದು ಎಂದು ನಿನ್ನ ತಂಗಿ ಕೂಗಾಡುತ್ತಾಳೆ, ಗೊತ್ತು. ಆದರೂ ಬಾ. ಟ್ಯಾಕ್ಸಿ ಮಾಡಿಕೊಂಡು ಬಾ. ಅವರು ಅಳತೆ ಹಿಡಿಯುವಾಗ ಅಲ್ಲಿ ನಿಮ್ಮ ಮನೆಯವರು ಯಾರಾದರೂ ನಿಂತಿರಬೇಕು. ನನ್ನ ಜೊತೆ ಮಾತಾಡಬೇಕೆಂದೇನೂ ಇಲ್ಲ. ನಾನು ಗೇಟಿನ ಆಚೆ, ರಸ್ತೆಯಲ್ಲೇ ಇರುತ್ತೇನೆ.

ಗೇಟು ಎಂದೊಡನೆ ನೆನಪಾಯಿತು. ಇವತ್ತು ಚರ್ಚು ಬಿಟ್ಟ ಮೇಲೆ ಕೈಸಲಿಕೆ ತೆಗೆದುಕೊಂಡು ಆ ಗುಂಡಿಯ ಹತ್ತಿರ ಹೋಗಿದ್ದೆ. ಯಂತ್ರ ಇದಕ್ಕೆ ಪ್ರಯೋಜನವಿಲ್ಲ, ಮಡಕೆಗೆ ಅದು ಕಿವುಡು. ಬೆರಳಲ್ಲೇ ಕೆದಕಿದೆ. ಇಪ್ಪತ್ತಮೂರು ಚೂರು ಸಿಕ್ಕಿವೆ, ಎಲ್ಲ ಪುಡಿಪುಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು ಪತ್ರಿಕೆಯ ಮೇಲೆ ಒಣಗಲು ಹಾಕಿದ್ದೇನೆ. ಒಂದರ ಹಿಂದೆ ನಿನ್ನ ಅಪ್ಪ ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಅಳಿಸಿಲ್ಲ. "ಅಡುಗೆಮನೆ" ಎಂದಿದೆ.

ನಿನ್ನ,
ಬೆರಿಲ್

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಗುರುವಾರ ಸಂಜೆ ನಿನ್ನ ಅಪ್ಪನನ್ನು ಬಿಟ್ಟು ಮನೆಗೆ ಬಂದಾಗ ಕ್ಲೈವನ ಬೂಟುಗಳು ಹಿಂಬಾಗಿಲ ಮೆಟ್ಟಿಲ ಮೇಲಿದ್ದವು. ಗೂಚನ ಹೊಲಕ್ಕೆ ಹೋಗಿದ್ದೆ, ಏನೂ ಸಿಗಲಿಲ್ಲ ಎಂದ. ನಾನು ಚಾಕು ತೆಗೆದುಕೊಂಡು ಕೂತು ಅರ್ಧ ಗಂಟೆ ಮಣ್ಣು ಕೆರೆದೆ. ನೀಲಿ ಜೇಡಿ, ಹಿಮ್ಮಡಿಯವರೆಗೂ. ಮೆಟ್ಟಿಲನ್ನು ಬಿಸಿನೀರು ಹಾಕಿ ತೊಳೆದೆ, ಬೂಟುಗಳನ್ನು ಒಲೆಯ ಪಕ್ಕ ಒಣಗಲು ಇಟ್ಟೆ. ಶನಿವಾರ ಅವನು ಮಡಕೆ ತಂದು ಮೇಜಿನ ಮೇಲಿಟ್ಟಾಗ ಏನನ್ನೂ ಕೇಳಲಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಎರಡು ಸಲ ಬರೆದಿದ್ದೇನೆ. ಆ ಎರಡನ್ನೂ ಹೊಡೆದುಹಾಕಿ ಓದು.